ಬಿಸಿಯಾದ ಮೇಲೆ ಮುಟ್ಟಿ ನೋಡಿ

ಮೇಸ್ತ್ರಿಯನ್ನು ಆ ದಿನ ಕರೆಸಿದ್ದು ರಿಪೇರಿಗಲ್ಲ, ಸಾಕ್ಷಿಗೆ. ಚೀಲ ಬೇಡ, ಪೆನ್ನು ಇದ್ದರೆ ಸಾಕು ಎಂದು ವಕೀಲ ಫೋನಿನಲ್ಲೇ ಹೇಳಿದ್ದ. ಆದರೆ ಮೇಸ್ತ್ರಿ ಚೀಲ ಬಿಟ್ಟು ಬೀದಿಗಿಳಿದವನಲ್ಲ. ಮದುವೆಮನೆಗೂ ಸ್ಕ್ರೂಡ್ರೈವರ್ ಹೊತ್ತೇ ಹೋಗುತ್ತಾನೆ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಚೀಲದ ಸಮೇತ ಮೂರು ಮಹಡಿ ಹತ್ತಿ ಬಂದು ಬಾಗಿಲು ತಟ್ಟಿದ.

ಇಪ್ಪತ್ತಾರು ವರ್ಷದಿಂದ ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಮೆಷಿನ್‌ಗಳ ಹೊಟ್ಟೆಗೆ ಕೈ ಹಾಕಿ ತನ್ನ ಹೊಟ್ಟೆ ಹೊರೆದವನು ಅವನು. ಮೆಷಿನ್ ಸುಳ್ಳು ಹೇಳುವುದಿಲ್ಲ, ಮನೆಯವರು ಹೇಳುತ್ತಾರೆ ಎಂಬುದು ಅವನ ಸಿದ್ಧಾಂತ. ಸೋಪಿನ ಪುಡಿಯನ್ನು ಮೂರು ಪಟ್ಟು ಸುರಿದು, ನೊರೆ ಅಡುಗೆಮನೆ ದಾಟಿ ನಡುಮನೆಗೆ ಬಂದಿದ್ದರೂ ‘ಅಳತೆ ಮೀರಿಲ್ಲ’ ಎನ್ನುವವರನ್ನು ಕಂಡಿದ್ದ. ಕೊಂಡ ದಿನದಿಂದ ಒಮ್ಮೆಯೂ ಫಿಲ್ಟರ್ ಬಿಚ್ಚದೆ ‘ಮೊನ್ನೆ ತಾನೆ ತೊಳೆದೆ’ ಎನ್ನುವವರನ್ನೂ ಕಂಡಿದ್ದ. ಹೀಗಾಗಿ ಜನರ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ಅಡುಗೆಮನೆಯ ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಕಾದಿತ್ತು. ಈ ಮನೆಯ ಪಾತ್ರೆ ಮೆಷಿನ್ನನ್ನು ನಾನು ಖುದ್ದಾಗಿ ಎರಡು ಬಾರಿ ಪರೀಕ್ಷಿಸಿದ್ದೇನೆ, ಅದರಲ್ಲಿ ಯಾವ ದೋಷವೂ ಇಲ್ಲ, ಕರೆಂಟು ಸೋರುತ್ತಿಲ್ಲ ಎಂದು ಅದರಲ್ಲಿತ್ತು. ಕೆಳಗೆ ಸಹಿಗೆ ಜಾಗ ಬಿಟ್ಟಿತ್ತು. ವಕೀಲನಾದವನು ಯಾವ ಮಾತನ್ನೂ ಬಾಯಲ್ಲಿ ನಂಬುವುದಿಲ್ಲ, ಎಲ್ಲವೂ ಕಾಗದದ ಮೇಲೆ ಬೇಕು.

ಆ ಕಾಗದ ಯಾಕೆ ಬೇಕೆಂದು ವಕೀಲ ತಗ್ಗಿದ ದನಿಯಲ್ಲಿ ವಿವರಿಸಿದ. ಅವನ ದೊಡ್ಡಮ್ಮನಿಗೆ ತಲೆ ಸರಿಯಿಲ್ಲದಂತೆ ಆಗಿತ್ತು. ಮೆಷಿನ್ ಶಾಕ್ ಹೊಡೆಯುತ್ತದೆ ಎಂದು ನಾಲ್ಕು ತಿಂಗಳಿಂದ ಒಂದೇ ರಾಗ. ಅದರ ಬಾಗಿಲನ್ನು ಮರದ ಸೌಟಿನಿಂದ ತಳ್ಳುತ್ತಾಳೆ, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ, ಯಾರಾದರೂ ಸಿಂಕಿನ ಹತ್ತಿರ ಹೋದರೆ ಸೆರಗು ಹಿಡಿದು ಎಳೆಯುತ್ತಾಳೆ. ಮೊನ್ನೆ ಹಾಲು ಉಕ್ಕಿಸಿದಳು, ಅದನ್ನೂ ಇದರ ಲೆಕ್ಕಕ್ಕೇ ಸೇರಿಸಿದ್ದರು. ಹಾಲು ಉಕ್ಕಿಸದವರು ಲೋಕದಲ್ಲಿ ಯಾರಿದ್ದಾರೋ ನಾ ಕಾಣೆ. ಡಾಕ್ಟರು ಮನೆಯವರ ಮಾತು ಕೇಳಿ ಚೀಟಿ ಬರೆದಾಗಿತ್ತು. ಹನ್ನೊಂದು ಗಂಟೆಗೆ ಹಿರಿಯರ ಆರೈಕೆ ಮನೆಯಿಂದ ಕಾರು ಬರುವುದಿತ್ತು. ಅಲ್ಲಿ ಎರಡು ಭಾಗ. ಒಂದರಲ್ಲಿ ಓಡಾಡಿಕೊಂಡಿರಬಹುದು. ಇನ್ನೊಂದು ಮರುಳು ಕವಿದವರಿಗೆ, ಅದಕ್ಕೆ ಚಿಲಕ ಹೊರಗಿನಿಂದ. ದೊಡ್ಡಮ್ಮನ ಹೆಸರು ಆ ಎರಡನೆಯದರಲ್ಲಿ ಬರೆಸಿ ಆಗಿತ್ತು, ಅದಕ್ಕೆ ಪುರಾವೆ ಕೇಳಿದ್ದರು.

ಮೇಸ್ತ್ರಿಗೆ ಆಕೆಯ ನೆನಪಿತ್ತು. ಎರಡು ತಿಂಗಳ ಹಿಂದೆ ಶಾಕಿನ ದೂರಿಗೆಂದು ಎರಡನೇ ಸಲ ಬಂದಾಗ ಇದೇ ಬಾಗಿಲಲ್ಲಿ ನಿಂತು ಆಕೆ, ತಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತು ವರ್ಷ ದುಡಿದವಳು, ಕರೆಂಟೆಂದರೆ ಏನೆಂದು ಗೊತ್ತಿಲ್ಲದವಳಲ್ಲ ಎಂದಿದ್ದಳು. ಅವನು ನಕ್ಕಿದ್ದ. ದಪ್ಪ ರಬ್ಬರ್ ಅಟ್ಟೆಯ ಬೂಟು ಹಾಕಿಕೊಂಡೇ ಮೆಷಿನ್ನಿನ ನೆತ್ತಿಯ ಮೇಲೆ ಪಟಪಟನೆ ಅಂಗೈ ಬಡಿದು, ‘ನೋಡಿ, ನಾನು ಸತ್ತೆನಾ?’ ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದರು. ಆಕೆ ಮಾತ್ರ ನಗದೆ ಒಳಗೆ ಹೋಗಿದ್ದಳು.

ಈಗ ಪೆನ್ನು ತೆಗೆದ. ಕಣ್ಣು ಮುಚ್ಚಿ ಸಹಿ ಹಾಕಿ ಮುಂದಿನ ಮನೆಗೆ ಹೋಗಬಹುದಿತ್ತು. ಅಷ್ಟರಲ್ಲಿ ಬಾಗಿಲಿಗೆ ದೊಡ್ಡಮ್ಮ ಬಂದು ನಿಂತಳು. ಹೊರಗೆ ಹೊರಡುವ ಸೀರೆ ಉಟ್ಟಿದ್ದಳು, ತಲೆ ಬಾಚಿ ಬಿಗಿಯಾಗಿ ಗಂಟು ಹಾಕಿದ್ದಳು. ನಾಲ್ಕು ತಿಂಗಳಲ್ಲಿ ಅರ್ಧಕ್ಕೆ ಇಳಿದುಹೋಗಿದ್ದಳು. ವಕೀಲನ ಹೆಂಡತಿ ಬಂದು, ಒಳಗೆ ಕೂತಿರಿ ದೊಡ್ಡಮ್ಮ ಎಂದು ತೋಳು ಹಿಡಿದಳು. ಆಕೆ ಅಲುಗಲಿಲ್ಲ.

“ನೀನು ಬಂದಾಗಲೆಲ್ಲ ತಣ್ಣಗಿರೋ ಮೆಷಿನ್ನೇ ಮುಟ್ಟಿ ಹೋದೆ,” ಎಂದಳು ಮೇಸ್ತ್ರಿಗೆ. “ಅದು ತಣ್ಣಗಿದ್ದಾಗ ಏನೂ ಮಾಡಲ್ಲಪ್ಪ. ನೀರು ಕಾದ ಮೇಲೇನೇ ಜುಮ್ ಅನ್ನೋದು.”

ವಕೀಲ ಉಸ್ಸೆಂದ. ಇದನ್ನು ಅವನು ನೂರು ಸಲ ಕೇಳಿದ್ದ. ಮೇಸ್ತ್ರಿ ಮಾತ್ರ ಮೊದಲ ಸಲ ಕೇಳಿದ. ಪೆನ್ನಿನ ಮೊನೆ ಹಾಳೆಗೆ ತಾಗಿ ಒಂದು ಚುಕ್ಕಿ ಬಿದ್ದಿತ್ತು. ಕೈ ಅಲ್ಲೇ ನಿಂತಿತು.

ಏಕೆಂದರೆ ನಾಲ್ಕು ತಿಂಗಳ ಹಿಂದೆ ಈ ಮನೆಗೆ ಮೊದಲ ಸಲ ಬಂದದ್ದು ಯಾಕೆಂದು ಆಗ ಅವನಿಗೆ ನೆನಪಾಯಿತು. ಅಂದಿನ ದೂರೇ ಬೇರೆ. ಪಾತ್ರೆ ತೊಳೆಯುತ್ತ ಅರ್ಧದಲ್ಲಿ ಇಡೀ ಮನೆಯ ಕರೆಂಟು ಹೋಗುತ್ತದೆ, ಬಾಗಿಲ ಪಕ್ಕದ ಟ್ರಿಪ್ ಸ್ವಿಚ್ಚು ಟಪ್ಪೆಂದು ಬೀಳುತ್ತದೆ ಎಂದಿದ್ದರು. ನೀರು ಕಾಯಿಸುವ ಹೀಟರನ್ನು ಮೀಟರಿಟ್ಟು ನೋಡಿದ್ದ, ತಣ್ಣಗಿದ್ದಾಗ ಸರಿಯಾಗಿತ್ತು. ಕಾಯಿಸಿ ನೋಡಲು ಅರ್ಧ ಗಂಟೆ ಬೇಕು. ಮನೆಯಲ್ಲಿ ನೆಂಟರು, ಅವನಿಗೆ ಇನ್ನೆರಡು ಮನೆ ಬಾಕಿ. ಆಗ ಅವನ ಕಸುಬಿನವರು ಹೊರಗೆ ಬೈದು ಒಳಗೊಳಗೇ ಮಾಡುವ ಕೆಲಸವನ್ನು ಮಾಡಿದ್ದ. ಪ್ಲಗ್ ಬಿಚ್ಚಿ ಹಸಿರು ವೈರನ್ನು ಕಳಚಿ, ತುದಿಗೆ ಟೇಪು ಸುತ್ತಿ ಮಡಚಿಟ್ಟಿದ್ದ. ಮೆಷಿನ್ನಿನ ಮೈಗೆ ಕರೆಂಟು ಸೋರಿದರೆ ಅದನ್ನು ನೆಲಕ್ಕೆ ಇಳಿಸಿ ಸ್ವಿಚ್ಚು ಬೀಳಿಸುವುದು ಆ ಹಸಿರು ವೈರು. ಅದನ್ನು ತೆಗೆದರೆ ಸ್ವಿಚ್ಚು ಬೀಳುವುದಿಲ್ಲ. ಸೋರಿದ್ದು ಮೈಯಲ್ಲೇ ಹೊಂಚು ಹಾಕಿ ಕೂತಿರುತ್ತದೆ, ಯಾರಾದರೂ ಮುಟ್ಟುವವರೆಗೆ. ನಾಳೆ ಹೊಸ ಹೀಟರ್ ತಂದು ಹಾಕಿ ಮತ್ತೆ ಜೋಡಿಸಿದರಾಯಿತು ಎಂದುಕೊಂಡಿದ್ದ. ಕರೆಂಟು ಹೋಗುವುದು ನಿಂತಿತು, ಮೇಸ್ತ್ರಿಯ ಕೈಗುಣ ದೊಡ್ಡದು ಎಂದು ಮನೆಯವರು ಹೊಗಳಿದರು. ಹೊಗಳಿಕೆ ಕಿವಿಗೆ ಬಿದ್ದ ಮೇಲೆ ನಾಳೆ ಯಾರಿಗೆ ನೆನಪಿರುತ್ತದೆ?

ಒಂದು ಸಲ ನೋಡಿಬಿಡುತ್ತೇನೆ ಸಾರ್, ಬರೆಯುವ ಮುಂಚೆ, ಎಂದ. ವಕೀಲ ಗಡಿಯಾರ ನೋಡಿ, ಹನ್ನೊಂದರೊಳಗೆ ಮುಗಿಸಿ ಎಂದು ಹೇಳಿ ನಡುಮನೆಗೆ ಹೋದ. ಹೆಂಡತಿಯೂ ಹಿಂದೆಯೇ ಹೋದಳು.

ಮೇಸ್ತ್ರಿ ಮೊಣಕಾಲೂರಿ ಸಿಂಕಿನ ಕೆಳಗೆ ತಲೆ ತೂರಿಸಿ ಪ್ಲಗ್ ಕಿತ್ತು ಬಿಚ್ಚಿದ. ಹಸಿರು ವೈರು ಅವನು ಮಡಚಿಟ್ಟ ಹಾಗೇ ಇತ್ತು. ಕಪ್ಪು ಟೇಪಿನ ಸುತ್ತೂ ಅವನದೇ.

ಎರಡು ನಿಮಿಷದ ಕೆಲಸ. ಟೇಪು ಬಿಡಿಸಿ ವೈರು ಜೋಡಿಸಿದರೆ ಮುಗಿಯಿತು. ಹೀಟರ್ ಹಳೆಯದಾಗಿದೆ, ಹೊಸದು ಬರುವವರೆಗೆ ತಣ್ಣೀರಲ್ಲೇ ತೊಳೆಯಿರಿ ಎಂದರಾಯಿತು. ಆಮೇಲೆ ಆ ಹಾಳೆಗೆ ಸಹಿ ಹಾಕಿದರೆ ಅದು ಸುಳ್ಳೂ ಆಗುವುದಿಲ್ಲ, ಮೆಷಿನ್ ಸರಿಯಿದೆ ಎಂದರೆ ಸರಿಯೇ ಇರುತ್ತದೆ. ಯಾರೂ ಸಾಯುವುದಿಲ್ಲ. ಅವನ ಹೆಸರು ಉಳಿಯುತ್ತದೆ, ಈ ಕಟ್ಟಡದಲ್ಲೇ ಹನ್ನೊಂದು ಮನೆ ಅವನ ಕೈಯಲ್ಲಿವೆ. ಹೋಗುವುದು ದೊಡ್ಡಮ್ಮ ಒಬ್ಬಳೇ, ಆಕೆ ಹೇಗೂ ಹೊರಟು ನಿಂತಿದ್ದಾಳೆ. ಇಷ್ಟನ್ನೂ ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದೇ ಯೋಚಿಸಿದ. ಅವನನ್ನು ಕೆಟ್ಟವನೆನ್ನುವ ಮುಂಚೆ ನಾವೂ ಆ ಸಿಂಕಿನ ಕೆಳಗೆ ಒಂದು ಗಳಿಗೆ ಕೂತು ನೋಡಬೇಕು. ಟೇಪಿನ ಒಂದು ಸುತ್ತನ್ನು ಬಿಚ್ಚಿಯೂ ಬಿಟ್ಟಿದ್ದ.

ಕಾಲ ಸಪ್ಪಳ ಕೇಳಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಪ್ಲಗ್ಗನ್ನು ಅಂಗೈಯಲ್ಲಿ ಮುಚ್ಚಿಕೊಂಡ. ದೊಡ್ಡಮ್ಮ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಪ್ಲಗ್ಗಿನ ಕಡೆ ನೋಡಲೇ ಇಲ್ಲ. ನಡುಮನೆಗೆ ಕೇಳಿಸದಂತೆ ಮಾತಾಡಿದಳು.

“ನಿನ್ನ ಕೈಲಿ ಎಷ್ಟೋ ಮೆಷಿನ್ ಹಾದು ಹೋಗಿದಾವೆ. ನಿಜ ಹೇಳಪ್ಪ. ನನ್ನ ತಲೇನೇ ಕೆಟ್ಟಿದೆಯಾ? ಎಲ್ಲಾರೂ ಹಂಗೇ ಅಂತಾರೆ. ಈಗ ನನಗೂ ಹಂಗೇ ಅನ್ಸತ್ತೆ. ನಿನ್ನೆ ಫ್ಯಾನ್ ಸ್ವಿಚ್ ಹಾಕೋಕೂ ಹೆದರಿದೆ. ನೀನೊಂದು ಮಾತು ಹೌದು ಅಂದ್ಬಿಡು, ಜಗಳ ಮಾಡ್ದೆ ಹೋಗ್ತೀನಿ.”

ಮೂವತ್ತು ವರ್ಷ ದೊಡ್ಡ ದೊಡ್ಡ ಮೆಷಿನ್‌ಗಳ ನಡುವೆ ದುಡಿದ ಹೆಂಗಸು ತನ್ನ ಕೈಯಲ್ಲಾದ ನೋವನ್ನೇ ನಂಬದ ಸ್ಥಿತಿಗೆ ಬಂದಿದ್ದಳು, ಮೇಸ್ತ್ರಿಯ ಆ ಒಂದು ಅಂಗೈ ಬಡಿತದಿಂದ. ಅಮ್ಮ, ಅರ್ಧ ಗಂಟೆ ಕೊಡಿ, ಬಾಗಿಲಲ್ಲೇ ನಿಂತಿರಿ, ಒಳಗೆ ಬರಬೇಡಿ ಎಂದಷ್ಟೇ ಹೇಳಿದ. ವೈರನ್ನು ಜೋಡಿಸದೆ ಪ್ಲಗ್ ಮುಚ್ಚಿ ಗೋಡೆಗೆ ಚುಚ್ಚಿದ.

ಅತಿ ಬಿಸಿ ನೀರಿನ ಗುಂಡಿ ಒತ್ತಿದ. ಮೀಟರಿನ ಒಂದು ತುದಿಯನ್ನು ಸಿಂಕಿನ ಸ್ಟೀಲ್ ನಲ್ಲಿಗೆ ಕಚ್ಚಿಸಿ, ಇನ್ನೊಂದನ್ನು ಮೆಷಿನ್ ಬಾಗಿಲ ಅಂಚಿನ ಬರಿ ಸ್ಕ್ರೂವಿಗೆ ಸಿಕ್ಕಿಸಿದ. ನಡುಮನೆಯ ಕಡೆ ತಿರುಗಿ, ಸಾರ್, ಅರ್ಧ ಗಂಟೆ ಇಲ್ಲಿಗೆ ಯಾರೂ ಬರುವುದು ಬೇಡ ಎಂದು ಕೂಗಿ ಹೇಳಿದ. ವಕೀಲ ಫೋನಿನಲ್ಲಿದ್ದ, ಕೈಯಾಡಿಸಿದ. ಕೇಳಿಸಿತೋ ಇಲ್ಲವೋ ದೇವರಿಗೇ ಗೊತ್ತು.

ನೀರು ತುಂಬಿಕೊಂಡಿತು. ಪಂಪು ಗುಂಯ್ ಎಂದಿತು. ಒಳಗೆ ನೀರು ತಟ್ಟೆಗಳಿಗೆ ಬಡಿಯುವ ಸದ್ದು ಶುರುವಾಯಿತು. ಮೀಟರಿನಲ್ಲಿ ಸೊನ್ನೆಯ ಅಕ್ಕಪಕ್ಕದ ಅಂಕಿಗಳು. ಐದು ನಿಮಿಷವಾಯಿತು, ಹತ್ತಾಯಿತು. ಅಂಕಿ ಮೇಲೇಳಲಿಲ್ಲ. ಮೇಸ್ತ್ರಿಯ ಮನಸ್ಸಿನೊಳಗೆ ನಾಚಿಕೆಯಿಲ್ಲದ ಒಂದು ಮೂಲೆ, ಏಳದಿರಲಿ ದೇವರೇ ಎಂದು ಬೇಡುತ್ತಿತ್ತು. ಎದ್ದರೆ ತಾನು ಸಿಕ್ಕಿಬಿದ್ದ, ಏಳದಿದ್ದರೆ ಬಾಗಿಲಲ್ಲಿ ನಿಂತ ಆಕೆಗೆ ಹುಚ್ಚು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗೆ. ದೊಡ್ಡಮ್ಮ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಕಣ್ಣು ಮೆಷಿನ್ನಿನ ಮೇಲಿರಲಿಲ್ಲ, ಅವನ ಮುಖದ ಮೇಲಿತ್ತು.

ಹದಿನೇಳನೇ ನಿಮಿಷಕ್ಕೆ ಮೂವತ್ತು ವೋಲ್ಟ್ ಎಂದಿತು ಮೀಟರ್. ಬಾಗಿಲಿನ ಅಂಚಿಂದ ಬಿಸಿ ಉಗಿ ಎಳೆಯಾಗಿ ಬರತೊಡಗಿತು. ಅರವತ್ತು. ತೊಂಬತ್ತೈದು. ನೂರ ನಲವತ್ತಾಯಿತು, ಇನ್ನೂ ಏರುತ್ತಲೇ ಇತ್ತು. ಕೆಳಗೆ ಬೀದಿಯಲ್ಲಿ ಕಾರೊಂದು ನಿಂತು ಹಾರ್ನ್ ಹೊಡೆಯಿತು. ನಡುಮನೆಯಲ್ಲಿ ವಕೀಲ ಬಂದರು ಬಂದರು ಎನ್ನುತ್ತ ಎದ್ದ ಸದ್ದಾಯಿತು.

ಅದೇ ಹೊತ್ತಿಗೆ ವಕೀಲನ ಹೆಂಡತಿ ಹಿತ್ತಲ ಬಾಲ್ಕನಿಯ ಕಡೆಯ ಬಾಗಿಲಿನಿಂದ ಅಡುಗೆಮನೆಗೆ ಬಂದಳು. ಬಾಲ್ಕನಿ ತೊಳೆಯುತ್ತಿದ್ದಳೆಂದು ಕಾಣುತ್ತದೆ, ಬರಿಗಾಲು ಒದ್ದೆ, ಕೈ ಒದ್ದೆ. ಹೊರಡುವವರಿಗೆ ನೀರು ಕೊಡಲೆಂದು ಲೋಟ ಹಿಡಿದು ನೇರ ನಲ್ಲಿಗೆ ಕೈ ಹಾಕಿದಳು. ಬಗ್ಗಿದಾಗ ಆಧಾರಕ್ಕೆಂದು ಎಡಗೈ ಮೆಷಿನ್ನಿನ ಬಾಗಿಲ ಕಡೆ ಇಳಿಯಿತು.

“ಮುಟ್ಬೇಡಿ!”

ಹಾಗೆ ಕೂಗಿದ್ದು ತಾನೋ ದೊಡ್ಡಮ್ಮನೋ ಎಂದು ಮೇಸ್ತ್ರಿಗೆ ತಿಳಿಯಲಿಲ್ಲ. ಇಬ್ಬರೂ ಕೂಗಿದ್ದರು. ಅವನು ಹಾರಿ ಗೋಡೆಯ ಸ್ವಿಚ್ಚನ್ನು ಆರಿಸಿದ. ಮೆಷಿನ್ ನಿಟ್ಟುಸಿರಿಟ್ಟು ನಿಂತಿತು. ವಕೀಲನ ಹೆಂಡತಿಯ ಕೈ ಬಾಗಿಲಿನಿಂದ ಒಂದು ಗೇಣು ಮೇಲೆ ನಿಂತಿತ್ತು, ಲೋಟ ಸಿಂಕಿನಲ್ಲಿ ಉರುಳುತ್ತಿತ್ತು.

ವಕೀಲ ಓಡಿ ಬಂದ. ಏನಾಯಿತು ಎಂದು ಯಾರನ್ನು ಕೇಳಬೇಕೋ ತಿಳಿಯದೆ ಎಲ್ಲರನ್ನೂ ನೋಡಿದ. ಮೇಸ್ತ್ರಿ ಮತ್ತೆ ಸ್ವಿಚ್ ಹಾಕಿ, ಯಾರೂ ಹತ್ತಿರ ಬರದಂತೆ ಕೈ ಅಡ್ಡ ಹಿಡಿದು ಮೀಟರನ್ನು ತೋರಿಸಿದ. ನೂರ ಅರವತ್ತಮೂರು ವೋಲ್ಟ್. ಈ ನಲ್ಲಿಗೂ ಈ ಬಾಗಿಲಿಗೂ ನಡುವೆ ಇಷ್ಟು ಕರೆಂಟಿದೆ, ಎರಡನ್ನೂ ಒಟ್ಟಿಗೆ ಮುಟ್ಟಿದರೆ ನಡುವೆ ಇರುವವರ ಮೈಯಲ್ಲಿ ಹರಿಯುತ್ತದೆ ಎಂದ. ಹೀಟರ್ ಕಾದಾಗ ಮಾತ್ರ ಸೋರುತ್ತದೆ ಎಂದೂ ಸೇರಿಸಿದ.

ವಕೀಲನ ಹೆಂಡತಿ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಗೋಡೆಗೊರಗಿದಳು. ದೊಡ್ಡಮ್ಮ ಪಾತ್ರೆ ತುಂಬಿ ಗುಂಡಿ ಒತ್ತಿದ ಮೇಲೆ ಮೂಲೆಯಲ್ಲೆಲ್ಲೋ ಒಂದು ಚಮಚವೋ ಲೋಟವೋ ಸಿಕ್ಕಿದರೆ, ಮೆಷಿನ್ ನಡುವೆಯೇ ನಿಲ್ಲಿಸಿ ಬಾಗಿಲು ತೆರೆದು ಸೇರಿಸುವವಳು. ಆ ಮನೆಯಲ್ಲಿ ಹಾಗೆ ಮಾಡುವವಳು ಅವಳೊಬ್ಬಳೇ. ಬರಿಗಾಲಲ್ಲಿ ಓಡಾಡುವವಳೂ ಅವಳೊಬ್ಬಳೇ. ಅದಕ್ಕೇ ಶಾಕ್ ಹೊಡೆದದ್ದೂ ಅವಳೊಬ್ಬಳಿಗೇ. ಮಿಕ್ಕವರು ದಪ್ಪ ಚಪ್ಪಲಿ ಹಾಕಿಕೊಂಡು, ತೊಳೆದು ತಣ್ಣಗಾದ ಮೇಲೆ ತಟ್ಟೆ ತೆಗೆದುಕೊಳ್ಳುವ ಜನ.

ವಿಷಯ ಇಲ್ಲಿಗೇ ನಿಲ್ಲಬಹುದಿತ್ತು. ಹೀಟರ್ ಕೆಟ್ಟಿದೆ, ಯಾರ ತಪ್ಪೂ ಅಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಮೇಸ್ತ್ರಿ ಇನ್ನೂ ಪಾರಾಗಬಹುದಿತ್ತು. ಆದರೆ ವಕೀಲ ವಕೀಲನೇ.

“ಮೊದಲು ಮನೆ ಕರೆಂಟೇ ಹೋಗ್ತಿತ್ತಲ್ಲ,” ಎಂದ ನಿಧಾನವಾಗಿ. “ಸೋರಿದ್ರೆ ಸ್ವಿಚ್ ಬೀಳ್ಬೇಕು. ಈಗ್ಯಾಕೆ ಬೀಳ್ತಿಲ್ಲ?”

ಮೇಸ್ತ್ರಿ ಮೆಷಿನ್ ಆರಿಸಿ ಪ್ಲಗ್ ಕಿತ್ತ. ಬಿಚ್ಚಿ, ಹಸಿರು ವೈರನ್ನು ಬೆರಳಲ್ಲಿ ಎತ್ತಿ ಹಿಡಿದ.

“ಇದನ್ನ ನಾನು ಕಳಚಿದ್ದೆ, ಸಾರ್. ಮೊದಲ ಸಲ ಬಂದಾಗ. ಸ್ವಿಚ್ ಬೀಳಬಾರ್ದು ಅಂತ. ಮತ್ತೆ ಬಂದು ಜೋಡಿಸ್ಬೇಕಿತ್ತು, ಮರೆತೆ. ಎರಡನೇ ಸಲ ಬಂದಾಗ ಬಿಸಿ ಮಾಡಿ ನೋಡ್ಲೂ ಇಲ್ಲ.” ಆಮೇಲೆ ಬಾಗಿಲ ಕಡೆ ತಿರುಗಿದ. “ಅಮ್ಮ, ನಿಮ್ಮ ತಲೆ ಸರಿಯಾಗೇ ಇದೆ. ಶಾಕ್ ಹೊಡೀತಿದ್ದದ್ದು ನಿಜ.”

ದೊಡ್ಡಮ್ಮ ಚೌಕಟ್ಟಿಗೆ ಒರಗಿಯೇ ನೆಲಕ್ಕೆ ಜಾರಿ ಕೂತಳು. ತನ್ನ ಬಲಗೈಯನ್ನು ಮುಂದೆ ಹಿಡಿದು, ಬೆರಳಿನಿಂದ ಮೊಣಕೈವರೆಗೂ ನೋಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದು ದುಃಖವಲ್ಲ, ಕಳೆದುಹೋದ ತಾನೇ ಮತ್ತೆ ಸಿಕ್ಕ ಸಂತೋಷ ಎಂದು ಮೇಸ್ತ್ರಿಗೆ ಅರ್ಥವಾಯಿತು. ಅರ್ಥವಾದಷ್ಟೂ ಅವನು ಕುಗ್ಗಿದ.

ವಕೀಲನ ಸಿಟ್ಟು ಮಾತ್ರ ಬೆಂಕಿಯಂತೆ ಎದ್ದಿತು. ಅವನ ಬಾಯಿಂದ ಬಂದದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ನಿನ್ನ ಕೈಗೆ ಕೋಳ ಹಾಕಿಸುತ್ತೇನೆ, ಇನ್ನು ಯಾವ ಮನೆಯ ಮೆಟ್ಟಿಲನ್ನೂ ಹತ್ತದ ಹಾಗೆ ಮಾಡುತ್ತೇನೆ, ನನ್ನ ತಾಯಿಯಂಥವಳನ್ನು ಕೊಲ್ಲುತ್ತಿದ್ದೆ ನೀನು ಎಂದು ಕೂಗಿದ. ತಾಯಿಯಂಥವಳು ಎಂದದ್ದು ಸುಳ್ಳಲ್ಲ. ನಾಲ್ಕು ವರ್ಷದವನಿದ್ದಾಗ ತಾಯಿ ಸತ್ತಳು, ಅಂದಿನಿಂದ ಆಸ್ಪತ್ರೆಯ ಬಟ್ಟೆ ಒಗೆದು ಅವನನ್ನು ಕಾನೂನು ಓದಿಸಿದವಳು ಆಕೆಯೇ. ಮಾಡಿದ್ದುಣ್ಣೋ ಮಹಾರಾಯ ಎಂದು ಮೇಸ್ತ್ರಿ ತಲೆ ತಗ್ಗಿಸಿ ನಿಂತ.

“ಸಾಕು ನಿಲ್ಸು,” ಎಂದಳು ದೊಡ್ಡಮ್ಮ ನೆಲದಿಂದಲೇ. ಕಣ್ಣೊರೆಸಿಕೊಂಡಿದ್ದಳು. “ಅವನನ್ನ ಬೈಯೋದು ಆಮೇಲೆ ನಾನೇ ಬೈತೀನಿ. ಅವನು ಎರಡು ಸಲ ಬಂದು ಹೋದವನು ಕಣೋ. ನೀನು ದಿನಾ ಈ ಮನೇಲೇ ಇದ್ದೆ.”

ಕೋರ್ಟಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದ ವಕೀಲ ಅಡುಗೆಮನೆಯ ಮಧ್ಯೆ ಚಿಕ್ಕ ಮಗುವಿನ ಹಾಗೆ ನಿಂತಿದ್ದ. ಅವನ ಹೆಂಡತಿ ಬಂದು ದೊಡ್ಡಮ್ಮನ ಪಕ್ಕ ನೆಲದ ಮೇಲೇ ಕೂತು, ಅವಳ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಕೆಳಗೆ ಹಾರ್ನ್ ಮತ್ತೆ ಕೂಗಿತು. ಸ್ವಲ್ಪ ಹೊತ್ತಿಗೆ ವಕೀಲನ ಫೋನು ಬಡಿದುಕೊಂಡಿತು. ಆರೈಕೆ ಮನೆಯವರು. ಅವನು ಕಿವಿಗಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿದ. ಇವತ್ತು ಬೇಡ ಎಂದ, ಆಮೇಲೆ ತಿದ್ದಿ, ಯಾವತ್ತೂ ಬೇಡ ಎಂದ. ಆ ಕಡೆಯಿಂದ ಕಾರಣ ಕೇಳಿರಬೇಕು. ಮೆಷಿನ್‌ದು ಏನೋ ಸ್ವಲ್ಪ ತೊಂದರೆ ಇತ್ತು, ಅದು ಈಗ ಗೊತ್ತಾಗಿ, ಹಾಗಾಗಿ, ಎಂದು ತಡವರಿಸಿದ.

“ಮೆಷಿನ್ ಸುದ್ದಿ ಅವರಿಗ್ಯಾಕೆ?” ಎಂದಳು ದೊಡ್ಡಮ್ಮ. “ನಾಲ್ಕು ತಿಂಗಳು ಹೇಳಿದ್ಲು, ನಾವು ನಂಬಲಿಲ್ಲ ಅಂತ ಹೇಳು.”

ವಕೀಲ ತಿರುಗಿ ಅವಳನ್ನು ನೋಡಿದ. ಅವಳು ಕಣ್ಣು ಕದಲಿಸಲಿಲ್ಲ. ಅವನು ಹೇಳಿದ. ಫೋನಿಗಷ್ಟೇ ಕೇಳುವಷ್ಟು ಮೆಲ್ಲಗೆ.

“ಕೇಳಿಸ್ಲಿಲ್ಲ,” ಎಂದಳು ದೊಡ್ಡಮ್ಮ. “ಇನ್ನೊಂದ್ಸಲ ಹೇಳು.”

ಅವನು ಇನ್ನೊಂದು ಸಲ, ಮನೆಯವರಿಗೆಲ್ಲ ಕೇಳುವಂತೆ ಹೇಳಿದ.